ದಿಮ್ಮಿ ಮನೆಗೆ ಮಣ್ಣಿನ ಹೊದಿಕೆ



ಬಿದಿರು ತಟ್ಟಿಗೆ ಮಣ್ಣು ಮೆತ್ತಿ, ಸಗಣಿ ಸಾರಿಸಿ ಗೋಡೆ ಮಾಡೋದನ್ನು ನೀವೆಲ್ಲ ಕಂಡವರೇ. ಇಂಥದೇ ಮಣ್ಣು ದೂರದ ಅಮೆರಿಕದಲ್ಲಿ ಒಕ್ಕಲು ಮಕ್ಕಳನ್ನು ಚಳಿಯಿಂದ ಹೇಗೆ ಕಾಪಾಡಿತು ಅನ್ನೋದನ್ನು ಇವತ್ತು ಕೇಳಿ.

1638ರಲ್ಲಿ ಸ್ವೀಡನ್ ದೇಶದವರು ಅಮೆರಿಕದ ಡೆಲವೇರ್ ನದಿಯ ಬಳಿ ನೆಲೆ ಹೂಡಿದರು. ಫಿನ್ಲೆಂಡಿನ ಜನರೂ ಅವರೊಂದಿಗೆ ಸೇರಿದರು. ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ, ಮೂಲೆಗಳಲ್ಲಿ ಕಚ್ಚು ಕಡಿದು ಕೂಡಿಸಿ ಮನೆ ಕಟ್ಟೋದು ಅವರ ನಾಡಿನ ವಿದ್ಯೆ. ಅಲ್ಲಿ ಒಂದು ದಿಮ್ಮಿಗೆ ಇನ್ನೊಂದು ಹೊಂದುವ ಹಾಗೆ ಕೆತ್ತಿ, ನಡುವೆ ಕಾಡಿನ ಪಾಚಿ ತುಂಬುತ್ತಿದ್ದರು.

ಮುಂದೆ ಕಾಡು ಕಡಿದು ಹೊಲ ಮಾಡಲು ಪಶ್ಚಿಮಕ್ಕೆ ಹೊರಟ ಸಂಸಾರಗಳಿಗೆ ಅಷ್ಟು ಪುರುಸೊತ್ತು ಎಲ್ಲಿ? ಕೈಯಲ್ಲಿ ಕೊಡಲಿ, ಎದುರಿಗೆ ಚಳಿಗಾಲ. ಉರುಟು ದಿಮ್ಮಿಗಳನ್ನು ಹಾಗೇ ಪೇರಿಸಿದರು. ಸಂದುಗಳಲ್ಲಿ ಗಾಳಿ ನುಗ್ತಿತ್ತು, ಹಿಮದ ಪುಡಿಯೂ ಒಳಗೆ ಬೀಳ್ತಿತ್ತು.

ಅದಕ್ಕೆ ಅವರು ಮಾಡಿದ ಉಪಾಯ ನೋಡಿ. ಬರೀ ಮಣ್ಣು ತುಂಬಿದರೆ ದೊಡ್ಡ ಸಂದಿನಲ್ಲಿ ನಿಲ್ಲೋದಿಲ್ಲ. ಮೊದಲು ಮರದ ಚಕ್ಕೆ, ಚಪ್ಪಟೆ ಕಲ್ಲುಗಳನ್ನು ಸಂದಿಗೆ ಬೆಣೆಯಂತೆ ಬಡಿದರು. ಅದರ ಮೇಲೆ ಜೇಡಿಮಣ್ಣಿನ ಕಲಸು ಮೆತ್ತಿದರು. ಬರೀ ಜೇಡಿ ಒಣಗುವಾಗ ಕುಗ್ಗಿ ಬಿರಿಯುತ್ತೆ. ಮರಳು ಬೆರೆಸಿದರೆ ಬಿರುಕು ಕಡಿಮೆ, ಹುಲ್ಲೋ ದನದ ಕೂದಲೋ ಸೇರಿಸಿದರೆ ಹಿಡಿತ ಹೆಚ್ಚು. ಸುಣ್ಣ ಸಿಕ್ಕವರು ಸುಣ್ಣವನ್ನೂ ಹಾಕಿದರು. ಮೆತ್ತಿದ ಮಣ್ಣು ಹೊರಕ್ಕೆ ಇಳಿಜಾರಾಗಿರಬೇಕು. ಇಲ್ಲದಿದ್ದರೆ ಮಳೆನೀರು ನಿಂತು ಕೆಳಗಿನ ದಿಮ್ಮಿ ಕೊಳೆಯುತ್ತೆ.

ಇಷ್ಟು ಮಾಡಿದರೂ ಕೆಲಸ ಮುಗೀತೇ? ಇಲ್ಲ. ಹಸಿ ಮರ ಒಣಗುತ್ತಾ ಕುಗ್ಗುತ್ತೆ, ಮಣ್ಣು ಸಡಿಲವಾಗಿ ಉದುರುತ್ತೆ. ಅದಕ್ಕೇ ಚಳಿ ಬರುವ ಮುಂಚೆ ಮತ್ತೆ ಮೆತ್ತಬೇಕಾಗಿತ್ತು. ತಡ ಮಾಡಿದರೆ ಹಸಿ ಮಣ್ಣಿನ ನೀರು ಹೆಪ್ಪುಗಟ್ಟಿ ಹಿಗ್ಗಿ, ಮೆತ್ತಿದ್ದೆಲ್ಲ ಪುಡಿಯಾಗ್ತಿತ್ತು.

ಇನ್ನೊಂದು ಅಪಾಯವೂ ಇತ್ತು. ಕಲ್ಲು ಸಿಗದ ಕಡೆ ಹೊಗೆಗೂಡನ್ನೂ ಕಡ್ಡಿಗಳಿಂದಲೇ ಕಟ್ಟಿ, ಒಳಗೆಲ್ಲ ಮಣ್ಣು ಬಳಿಯುತ್ತಿದ್ದರು. ಆ ಮಣ್ಣು ಉದುರಿದ ಜಾಗದಲ್ಲಿ ಕಡ್ಡಿಗೆ ಕಿಡಿ ತಗುಲಿದರೆ ಮನೆಯೇ ಭಸ್ಮ. ಹೀಗಾಗಿ ಕೆಲವರು ಹೊಗೆಗೂಡನ್ನು ಮನೆಯಿಂದ ಹೊರಕ್ಕೆ ವಾಲಿಸಿ, ಊರೆಗೋಲು ಕೊಟ್ಟು ನಿಲ್ಲಿಸ್ತಿದ್ದರು. ಬೆಂಕಿ ಹತ್ತಿದರೆ ಊರೆ ತೆಗೆದು ಆಚೆಗೆ ಕೆಡವಬಹುದು!

ಅಬ್ರಹಾಂ ಲಿಂಕನ್ 1809ರಲ್ಲಿ ಕೆಂಟಕಿಯಲ್ಲಿ ಹುಟ್ಟಿದ್ದು ಇಂಥದೇ ಒಂದು ಕೋಣೆಯ ದಿಮ್ಮಿ ಮನೆಯಲ್ಲಿ. 1861ರಲ್ಲಿ ಅವರು ಆ ದೇಶದ ಅಧ್ಯಕ್ಷರಾದರು.

ಮಣ್ಣಿನ ಮನೆ ಅಂತ ಯಾರೂ ನಾಚಬೇಕಾಗಿಲ್ಲ. ಆದರೆ ಮಣ್ಣು ಒಮ್ಮೆ ಮೆತ್ತಿ ಮರೆಯುವ ವಸ್ತುವಲ್ಲ. ನಿಮ್ಮ ಗೋಡೆಯಲ್ಲೂ ಸಂದು ಬಿಟ್ಟಿದ್ದರೆ ಮೊದಲು ಬೆಣೆ, ಆಮೇಲೆ ಮಣ್ಣು. ಮಳೆಗೆ ಮುಂಚೆ ಒಂದು ದಿನ ಗೋಡೆ ಸುತ್ತ ನೋಡಿಬನ್ನಿ.