ಮ್ಯಾಪಿಗೂ ಸವಕಳಿ ಅದ: ಕಾರಿನೊಳಗಿನ ಸಣ್ಣ ಕಂಪ್ಯೂಟರಿನ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಲ್ಲಿ ಕೂತವರಿಗೆ, ಗಾಡಿ ಓಡಿಸ್ತಾ ಸ್ಪೀಕರ್‌ನಲ್ಲಿ ಕೇಳೋರಿಗೆ, ಕೇಳೋಕೆ ಟೈಮ್ ಇಲ್ಲ ಅಂತ ಇಲ್ಲಿ ಓದ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೂರಿಸುವ ಸಣ್ಣ ಕಂಪ್ಯೂಟರ್. ವಿಜಯಪುರದಲ್ಲಿ ಅದಕ್ಕೆ ಯಾರೂ ಕಂಪ್ಯೂಟರ್ ಅನ್ನೋದಿಲ್ಲ. ಅಂಗಡಿಗೆ ಹೋಗಿ "ಆಂಡ್ರಾಯ್ಡ್ ಸ್ಟೀರಿಯೋ ಹಾಕ್ರಿ" ಅಂತೀವಿ. ಅದರೊಳಗೆ ಪ್ರೊಸೆಸರ್ ಇದೆ, ಮೆಮೊರಿ ಇದೆ, ಜಿಪಿಎಸ್ ಇದೆ. ಹಾಡು ಹಾಡುತ್ತೆ, ದಾರಿ ತೋರಿಸುತ್ತೆ, ರಿವರ್ಸ್ ಹಾಕಿದರೆ ಹಿಂದಿನ ಗೋಡೆಯನ್ನೂ ತೋರಿಸುತ್ತೆ.

ನಾನು ಓದಿದ್ದು ಬಿ.ಕಾಂ. ಯಾವ ಕಥೆ ಕೇಳಿದರೂ ಖರ್ಚು ಎಲ್ಲಿ ಬಿತ್ತು ಅಂತ ಮೊದಲು ನೋಡೋ ಚಟ. ಈ ಯಂತ್ರದ ಇತಿಹಾಸ ಓದಿದಾಗ ಒಂದು ವಿಷಯ ಎದ್ದು ಕಂಡಿತು. ನಲವತ್ತು ವರ್ಷದಲ್ಲಿ ಯಂತ್ರ ಅಗ್ಗ ಆಗ್ತಾನೇ ಬಂತು. ಮ್ಯಾಪಿನ ಖರ್ಚು ಮಾತ್ರ ಮುಗೀಲೇ ಇಲ್ಲ. ಗಾಡಿಗೆ ಸವಕಳಿ ಇದ್ದ ಹಾಗೆ ಮ್ಯಾಪಿಗೂ ಸವಕಳಿ ಇದೆ, ಅಂದ್ರೆ ವರ್ಷ ಕಳೆದಂತೆ ಅದರ ಬೆಲೆ ಇಳೀತಾ ಹೋಗುತ್ತೆ. ಹಾಗಾದ್ರೆ ವಿಜಯಪುರ, ತಿಕೋಟಾ, ಬಬಲೇಶ್ವರದ ಮ್ಯಾಪನ್ನು ಯಾರು ತಾಜಾ ಇಡ್ತಾರೆ? ಈ ಎಪಿಸೋಡಿನ ಪ್ರಶ್ನೆ ಅದೇ.

ಮೊದಲು ಬಂದದ್ದು ಹಾಡು

ಕಾರಿನೊಳಗೆ ದಾರಿಗಿಂತ ಮೊದಲು ಬಂದದ್ದು ಹಾಡು. 1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಸಹೋದರರ ಕಂಪನಿ ಕಾರಿಗೆ ಕೂರಿಸುವ ರೇಡಿಯೋ ಮಾರಾಟಕ್ಕೆ ತಂತು. ಹೆಸರು ಮೋಟೊರೋಲಾ. ಹೌದು, ಮುಂದೆ ಮೊಬೈಲ್ ಮಾಡಿದ ಅದೇ ಮೋಟೊರೋಲಾ. 'ಮೋಟರ್' ಅನ್ನೋ ಪದ ಆ ಹೆಸರಿನಲ್ಲೇ ಕೂತಿದೆ.

ರೇಡಿಯೋ ಬಂತು, ಕ್ಯಾಸೆಟ್ ಬಂತು, ಸಿಡಿ ಬಂತು. ಒಂದೊಂದು ಕಂಪನಿ ಒಂದೊಂದು ಅಳತೆ ಮಾಡಿದರೆ ಡ್ಯಾಶ್‌ಬೋರ್ಡ್ ಕೊರೆಯೋನ ಗತಿ ಏನು? ಅದಕ್ಕೇ ಜರ್ಮನಿಯ ಮಾನಕ ಸಂಸ್ಥೆ ಒಂದು ಅಳತೆ ಗೊತ್ತು ಮಾಡಿತು: 18 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರ. ಆ ಸಂಸ್ಥೆಯ ಹೆಸರಿನ ಮೊದಲ ಅಕ್ಷರಗಳೇ 'ಡಿನ್'. ನಮ್ಮ ಸ್ಟೀರಿಯೋ ಅಂಗಡಿಯವರು "ಸಿಂಗಲ್ ಡಿನ್ನೋ ಡಬಲ್ ಡಿನ್ನೋ?" ಅಂತ ಕೇಳ್ತಾರಲ್ಲ, ಅದು ಇದೇ. ಡಬಲ್ ಅಂದ್ರೆ ಎತ್ತರ ಎರಡು ಪಟ್ಟು, 10 ಸೆಂ.ಮೀ. ರೇಡಿಯೋಗೆ ಅಂತ ಬಿಟ್ಟ ಆ ಕಿಂಡಿಯೊಳಗೇ ಮುಂದೆ ಕಂಪ್ಯೂಟರ್ ಹೊಕ್ಕಿತು.

ಕ್ಯಾಸೆಟ್ಟಿನೊಳಗೆ ಊರು

1981ರಲ್ಲಿ ಹೋಂಡಾ ಜಪಾನಿನಲ್ಲಿ 'ಎಲೆಕ್ಟ್ರೋ ಗೈರೋಕೇಟರ್' ಅನ್ನೋ ಯಂತ್ರ ತಂತು. ಇದಕ್ಕೆ ಉಪಗ್ರಹದ ಸಂಪರ್ಕವೇ ಇರಲಿಲ್ಲ. ಕಾರು ಎಷ್ಟು ದೂರ ಹೋಯಿತು, ಯಾವ ಕಡೆ ತಿರುಗಿತು ಅಂತ ಗೈರೋಸ್ಕೋಪಿನಿಂದ ಲೆಕ್ಕ ಹಾಕೋದು, ಆ ಲೆಕ್ಕವನ್ನು ಪಾರದರ್ಶಕ ಹಾಳೆಯ ಮೇಲಿನ ಮ್ಯಾಪಿನ ಹಿಂದೆ ಬೆಳಕಿನ ಗೆರೆಯಾಗಿ ತೋರಿಸೋದು. ಊರು ದಾಟಿದ ಕೂಡಲೇ ಹಾಳೆ ಬದಲಿಸಬೇಕು.

1985ರಲ್ಲಿ ಕ್ಯಾಲಿಫೋರ್ನಿಯಾದ 'ಇಟ್ಯಾಕ್' ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮ್ಯಾಪನ್ನು ಕ್ಯಾಸೆಟ್ಟಿನಲ್ಲಿ ತುಂಬಿತು! ಹಾಡಿನ ಕ್ಯಾಸೆಟ್ಟಿನಂಥದ್ದೇ ಟೇಪು. ಲಾಸ್ ಏಂಜಲೀಸ್‌ನಂಥ ದೊಡ್ಡ ಊರಿಗೆ ಒಂದು ಕ್ಯಾಸೆಟ್ ಸಾಲುತ್ತಿರಲಿಲ್ಲ.

ಇಲ್ಲಿ ಕಾಮರ್ಸ್ ಹುಡುಗನ ಕಿವಿ ನೆಟ್ಟಗಾಗುವ ಸಂಗತಿ ಒಂದಿದೆ. ಇಟ್ಯಾಕ್‌ನ ಆ ಯಂತ್ರ ಇವತ್ತು ಮ್ಯೂಸಿಯಂ ವಸ್ತು. ಆದರೆ ಅವರು ಕೂತು ಬರೆದ ಡಿಜಿಟಲ್ ಮ್ಯಾಪಿಗೆ ಗಿರಾಕಿ ತಪ್ಪಲಿಲ್ಲ. ಕಂಪನಿಯನ್ನು 1989ರಲ್ಲಿ ನ್ಯೂಸ್ ಕಾರ್ಪೊರೇಷನ್ ಕೊಂಡಿತು. ಆಮೇಲೆ ಸೋನಿ, ಆಮೇಲೆ ಟೆಲಿ ಅಟ್ಲಾಸ್. ಆ ಟೆಲಿ ಅಟ್ಲಾಸನ್ನು 2008ರಲ್ಲಿ ಟಾಮ್‌ಟಾಮ್ ಕೊಂಡಿತು. ಅದೇ ಹೊತ್ತಿಗೆ ನೋಕಿಯಾ 'ನ್ಯಾವ್‌ಟೆಕ್' ಅನ್ನೋ ಮ್ಯಾಪ್ ಕಂಪನಿಗೆ ಕೊಟ್ಟ ಬೆಲೆ ಸುಮಾರು 810 ಕೋಟಿ ಡಾಲರ್. ಡಬ್ಬಿ ಗುಜರಿಗೆ ಹೋದರೂ ಮ್ಯಾಪು ಕೈಯಿಂದ ಕೈಗೆ ಹೋಗ್ತಾನೇ ಇತ್ತು.

ನಮ್ಮ ದೇಶದಲ್ಲಿ ಈ ಕೆಲಸ ಮೊದಲು ಹಿಡಿದವರಲ್ಲಿ ಮ್ಯಾಪ್‌ಮೈಇಂಡಿಯಾ ಒಂದು. 1995ರಲ್ಲಿ ರಾಕೇಶ್ ಮತ್ತು ರಶ್ಮಿ ವರ್ಮಾ ದಂಪತಿ ದಿಲ್ಲಿಯಲ್ಲಿ ಶುರು ಮಾಡಿದ ಕಂಪನಿ. ಆಗ ಮನೆಗಳಲ್ಲಿ ಇಂಟರ್ನೆಟ್ಟೇ ಇರಲಿಲ್ಲ. ಮ್ಯಾಪ್ ಅಂದ್ರೆ ಸರ್ವೆ ಇಲಾಖೆಯ ಹಾಳೆ, ಅದರ ಬಳಕೆಗೂ ನೂರೆಂಟು ನಿರ್ಬಂಧ. ಖಾಸಗಿ ಮ್ಯಾಪಿಂಗಿಗೆ ನಿಯಮಗಳು ದೊಡ್ಡ ಮಟ್ಟದಲ್ಲಿ ಸಡಿಲ ಆಗಿದ್ದು 2021ರ ಫೆಬ್ರುವರಿಯಲ್ಲಿ.

ನೂರು ಮೀಟರ್ ಅಂದ್ರೆ ಎಷ್ಟು?

ಜಿಪಿಎಸ್ ಅಮೆರಿಕದ ಸೈನ್ಯದ ಯೋಜನೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಉಪಗ್ರಹಗಳು ಸುತ್ತುತ್ತವೆ. ಕಡಿಮೆ ಅಂದ್ರೆ ನಾಲ್ಕರಿಂದ ಸಿಗ್ನಲ್ ಸಿಕ್ಕರೆ ನಿಮ್ಮ ಜಾಗ ಲೆಕ್ಕಕ್ಕೆ ಸಿಗುತ್ತೆ. ಆದರೆ 2000ದ ಮೇ ತಿಂಗಳ ತನಕ ಸಾಮಾನ್ಯ ಜನರಿಗೆ ಸಿಗುವ ಸಿಗ್ನಲ್‌ನಲ್ಲಿ ಬೇಕಂತಲೇ ತಪ್ಪು ಬೆರೆಸುತ್ತಿದ್ದರು. ಸುಮಾರು 100 ಮೀಟರ್ ತನಕ ಹೆಚ್ಚುಕಮ್ಮಿ.

100 ಮೀಟರ್ ಅಂದ್ರೆ ಎಷ್ಟು? ನಮ್ಮ ಗೋಳಗುಮ್ಮಟ ನೆನಪು ಮಾಡ್ಕೊಳ್ರಿ. ಅದರ ಒಂದು ಬದಿ ಸುಮಾರು 47 ಮೀಟರ್. ಅಂದ್ರೆ ನೀವು ಗುಮ್ಮಟದ ಮುಂದೆ ನಿಂತಿದ್ದರೂ ಯಂತ್ರ ನಿಮ್ಮನ್ನು ಇಡೀ ಗುಮ್ಮಟ ದಾಟಿಸಿ ಅದರ ಹಿಂದೆ ನಿಲ್ಲಿಸಬಹುದಿತ್ತು. ಗಾಂಧಿ ಚೌಕದ ಸುತ್ತಿನ ಗಲ್ಲಿಗಳಲ್ಲಿ ಅಂಥ ಯಂತ್ರ ಇಟ್ಕೊಂಡು ಏನು ಮಾಡ್ತೀರಿ? ಆ ತಪ್ಪು ಬೆರೆಸೋದನ್ನು ನಿಲ್ಲಿಸಿದ ಮೇಲೇ ಕಾರಿನ ನ್ಯಾವಿಗೇಶನ್ ನಿಜವಾಗಿ ಕೆಲಸಕ್ಕೆ ಬಂತು.

ಭಾರತ ತನ್ನದೇ ವ್ಯವಸ್ಥೆಗೆ ಮೊದಲ ಉಪಗ್ರಹ ಹಾರಿಸಿದ್ದು 2013ರ ಜುಲೈ 1ರಂದು. 2016ರ ಏಪ್ರಿಲ್‌ನಲ್ಲಿ ಏಳನೆಯದು ಹಾರಿತು, 'ನಾವಿಕ್' ಅಂತ ಹೆಸರು ಬಂತು. ಅದರ ನ್ಯಾವಿಗೇಶನ್ ಕೇಂದ್ರ ಇರೋದು ನಮ್ಮ ಕರ್ನಾಟಕದಲ್ಲೇ, ಬೆಂಗಳೂರು ಹತ್ತಿರದ ಬ್ಯಾಲಾಳುವಿನಲ್ಲಿ.

ಇಷ್ಟೆಲ್ಲ ಆದರೂ ಉಪಗ್ರಹದ ಸಿಗ್ನಲ್‌ನಿಂದ ಲೆಕ್ಕಕ್ಕೆ ಸಿಗೋದು ಅಕ್ಷಾಂಶ, ರೇಖಾಂಶದಂಥ ಅಂಕಿ ಮಾತ್ರ. ಆ ಜಾಗದ ಹೆಸರು ತೊರವಿಯೋ ತಿಕೋಟಾವೋ ಅಂತ ಅದಕ್ಕೆ ಗೊತ್ತಿಲ್ಲ. ಹೆಸರನ್ನು ಮನುಷ್ಯರೇ ಬರೀಬೇಕು.

ಕೈಯಾರೆ ಕೂರಿಸೋರು

2012ರ ಫೆಬ್ರುವರಿ 29ರಂದು ಇಂಗ್ಲೆಂಡಿನಲ್ಲಿ 'ರಾಸ್ಪ್‌ಬೆರಿ ಪೈ' ಬಂತು. ಎಟಿಎಂ ಕಾರ್ಡಿನಷ್ಟು ಅಗಲದ ಕಂಪ್ಯೂಟರ್, ಬೆಲೆ 35 ಡಾಲರ್. ಜಗತ್ತಿನ ಎಲ್ಲ ಕಡೆ ಎಂಜಿನಿಯರಿಂಗ್ ಹುಡುಗರು ಇದನ್ನು ತಮ್ಮ ಕಾರಿಗೆ ಕೂರಿಸಲು ಶುರು ಮಾಡಿದರು. ಕೂರಿಸೋದು ಅಂದ್ರೆ ಬರೀ ಟೇಪ್ ಹಚ್ಚಿ ಅಂಟಿಸೋದಲ್ಲ ಮತ್ತೆ.

ಕಾರಿನ ಬ್ಯಾಟರಿ 12 ವೋಲ್ಟ್, ಪೈಗೆ ಬೇಕಾದದ್ದು 5 ವೋಲ್ಟ್. ನಡುವೆ ಒಂದು ಕನ್ವರ್ಟರ್ ಬೇಕು. ಸೆಲ್ಫ್ ಹೊಡೆದಾಗ ವೋಲ್ಟೇಜ್ ಗಕ್ಕನೆ ಬೀಳುತ್ತೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ. ಚಾವಿ ತೆಗೆದ ಕೂಡಲೇ ಕರೆಂಟ್ ಹೋದರೆ ಮೆಮೊರಿ ಕಾರ್ಡಿನ ಫೈಲುಗಳು ಕೆಡಬಹುದು. ಅದಕ್ಕೇ ಸ್ಟೀರಿಯೋಗೆ ಎರಡು ಪವರ್ ವೈರು ಇರ್ತವೆ. ಹಳದಿ ವೈರಿನಲ್ಲಿ ಯಾವಾಗಲೂ ಕರೆಂಟ್ ಇರುತ್ತೆ, ಗಡಿಯಾರ, ಸೆಟ್ಟಿಂಗ್ ಮರೆಯದಿರಲಿ ಅಂತ. ಕೆಂಪು ವೈರು ಚಾವಿ ತಿರುಗಿಸಿದಾಗ ಮಾತ್ರ. ಕಪ್ಪು ಅರ್ಥಿಂಗ್.

ಇನ್ನು ನಮ್ಮ ಬಿಸಿಲು. ವಿಜಯಪುರದ ಬ್ಯಾಸಗಿಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತೆ. ಗ್ಲಾಸ್ ಏರಿಸಿ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಪೈ ಚಿಪ್ಪು 80 ಡಿಗ್ರಿ ಮುಟ್ಟಿದರೆ ತಾನೇ ವೇಗ ತಗ್ಗಿಸ್ಕೊಳ್ಳುತ್ತೆ. ಆಗ ಮ್ಯಾಪು ಹಿಂದೆ ಬಿದ್ದು, ತಿರುವು ದಾಟಿದ ಮೇಲೆ "ಎಡಕ್ಕೆ ತಿರುಗಿ" ಅನ್ನುತ್ತೆ.

ಆಮೇಲೆ 2014ರಲ್ಲಿ ಆ್ಯಪಲ್‌ನ ಕಾರ್‌ಪ್ಲೇ, 2015ರಲ್ಲಿ ಆಂಡ್ರಾಯ್ಡ್ ಆಟೋ ಬಂದವು. ಕೆಲಸ ಎಲ್ಲ ಜೇಬಿನ ಫೋನೇ ಮಾಡುತ್ತೆ, ಕಾರಿನದು ಬರೀ ಪರದೆ. 2018ರಲ್ಲಿ ಗೂಗಲ್ ಮ್ಯಾಪ್ಸ್ ಕನ್ನಡದಲ್ಲೂ ದಾರಿ ಹೇಳಲು ಶುರು ಮಾಡಿತು. ಯಂತ್ರದ ತಕರಾರು ಬಹುಪಾಲು ಅಲ್ಲಿಗೆ ಮುಗೀತು. ಉಳಿದದ್ದು ಮ್ಯಾಪು.

ಹದಿಮೂರು ವರ್ಷ, ನಾಲ್ಕು ಸವಕಳಿ

ಈಗ ನಮ್ಮ ಊರಿನ ಲೆಕ್ಕ ಹಿಡಿಯೋಣ. 2009ರಲ್ಲಿ ಒಬ್ಬರು ಕಾರಿಗೆ ನ್ಯಾವಿಗೇಟರ್ ಹಾಕಿಸಿ, ಮ್ಯಾಪ್ ಅಪ್‌ಡೇಟ್ ಮಾಡದೆ ಬಿಟ್ಟರು ಅಂತ ಇಟ್ಕೊಳ್ಳಿ.

ಮೊದಲನೆಯದು, 2010. ದೇಶದ ಹೆದ್ದಾರಿಗಳ ನಂಬರ್ ಎಲ್ಲ ಬದಲಾದವು. ಸೊಲ್ಲಾಪುರದಿಂದ ಬರುವ ಎನ್‌ಎಚ್ 13 ಹೋಗಿ ಎನ್‌ಎಚ್ 52 ಆಯಿತು. ಹುಬ್ಬಳ್ಳಿಗೆ ಹೋಗುವ 218 ಕೂಡ 52 ಆಯಿತು. ಕಲಬುರಗಿ ಕಡೆಯ 218 ಮಾತ್ರ 50 ಆಯಿತು.

ಎರಡನೆಯದು, 2014ರ ನವೆಂಬರ್ 1. ರಾಜ್ಯದ 12 ನಗರಗಳ ಹೆಸರು ಬದಲಾದ ದಿನ. ಬಿಜಾಪುರ ವಿಜಯಪುರ ಆಯಿತು. ಇಲ್ಲಿ ತಮಾಷೆ ನೋಡ್ರಿ. ಮ್ಯಾಪಿನಲ್ಲಿ 'ವಿಜಯಪುರ' ಅಂತ ಹುಡುಕಿದರೆ ದೇವನಹಳ್ಳಿ ತಾಲೂಕಿನಲ್ಲೂ ಒಂದು ವಿಜಯಪುರ ಇದೆ. ಬ್ಯಾಡಪ್ಪಾ, ಹಳೆ ಹೆಸರೇ ಇರಲಿ ಅಂತ 'ಬಿಜಾಪುರ' ಹಾಕಿದರೆ ಛತ್ತೀಸಗಢದಲ್ಲಿ ಒಂದು ಜಿಲ್ಲೆಯೇ ಇದೆ. ಬೆಂಗಳೂರಿನಿಂದ ಹೊರಡೋರು ಹೆಸರಿನ ಕೆಳಗೆ ಬರೆದ ಜಿಲ್ಲೆ ನೋಡದೆ 'ಸ್ಟಾರ್ಟ್' ಒತ್ತಬಾರದು.

ಮೂರನೆಯದು, 2017ರ ರಾಜ್ಯ ಬಜೆಟ್. 49 ಹೊಸ ತಾಲೂಕುಗಳ ಘೋಷಣೆ. ಅಥಣಿ ರಸ್ತೆಯ ತಿಕೋಟಾ, ಜಮಖಂಡಿ ರಸ್ತೆಯ ಬಬಲೇಶ್ವರ ಎರಡೂ ಆ ಪಟ್ಟಿಯಲ್ಲಿದ್ದವು. ಅಲ್ಲಿ ತನಕ ಎರಡೂ ವಿಜಯಪುರ ತಾಲೂಕಿನ ಊರುಗಳು. ಎಷ್ಟೋ ಹಳ್ಳಿಗಳ ವಿಳಾಸದ ಕೊನೆ ಸಾಲು ಒಂದೇ ಏಟಿಗೆ ಹಳೇದಾಯಿತು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ, ಈ ಐದು ಜಿಲ್ಲೆಗಳಲ್ಲಿ ದಾಖಲೆಯೇ ಇಲ್ಲದ ಸುಮಾರು 1,475 ಜನವಸತಿಗಳನ್ನು ಕಂದಾಯ ಗ್ರಾಮ ಅಂತ ಘೋಷಿಸಿದ್ದರು. ಅದರಲ್ಲಿ ಲಂಬಾಣಿ ತಾಂಡಾಗಳೇ ಬಹಳ. ತಲೆಮಾರುಗಳಿಂದ ಜನ ಬದುಕಿದ ಜಾಗಗಳು, ಸರಕಾರದ ಕಾಗದದಲ್ಲೇ ಊರು ಅಂತ ಇರಲಿಲ್ಲ. ಕಾಗದದಲ್ಲಿ ಇಲ್ಲದ ಊರು ಸ್ಟೀರಿಯೋದ ಮ್ಯಾಪಿನಲ್ಲಿ ಎಲ್ಲಿಂದ ಬರಬೇಕು?

ಕಾಕಾನ ನ್ಯಾವಿಗೇಶನ್

ನಮ್ಮ ಕಾಕಾನ ದ್ರಾಕ್ಷಿ ತೋಟ ಬಬಲೇಶ್ವರದ ಕಡೆ. ಮನೆಯೂ ತೋಟದಲ್ಲೇ. ಈ ಭಾಗದಲ್ಲಿ ಹಂಗೇ, ಊರು ಬಿಟ್ಟು ಹೊಲದಲ್ಲೇ ವಸ್ತಿ. "ಕಾಕಾ, ಲೊಕೇಶನ್ ಕಳಸ್ರಿ" ಅಂತ ಫೋನ್ ಮಾಡಿದೆ. ಬಂದ ಲೊಕೇಶನ್ ಇದು:

"ತಮ್ಮಾ, ಕೆನಾಲ್ ದಾಟಿದ ಮ್ಯಾಲ ದೊಡ್ಡ ಬೇವಿನ ಗಿಡ ಬರ್ತದ. ಅಲ್ಲಿ ಬಲಕ್ಕ ಹೊಳ್ಳು. ಒಣದ್ರಾಕ್ಷಿ ಶೆಡ್ ಬಿಟ್ಟು ಮುಂದ ಬಾ. ನಾಯಿ ಬೊಗಳಿದ್ರ ಅದೇ ನಮ್ಮ ಮನಿ."

ನಗಬ್ಯಾಡ್ರಿ. ಇದೇ ಪಾಠವನ್ನು ಗೂಗಲ್ ಕೂಡ ಕಲೀಬೇಕಾಯಿತು. ನಮ್ಮ ದೇಶದಲ್ಲಿ ಜನ ರಸ್ತೆಯ ಹೆಸರಿನಿಂದ ದಾರಿ ಹೇಳೋದಿಲ್ಲ, ಗುಡಿ, ಪೆಟ್ರೋಲ್ ಬಂಕು, ಸರ್ಕಲ್ ಹೇಳ್ತಾರೆ ಅಂತ ಕಂಡುಕೊಂಡು, 2009ರ ಡಿಸೆಂಬರಿನಲ್ಲಿ ಭಾರತದ ಗೂಗಲ್ ಮ್ಯಾಪ್ಸ್‌ನಲ್ಲಿ ಗುರುತಿನ ಜಾಗಗಳನ್ನು ಹೇಳಿ ದಾರಿ ತೋರಿಸುವ ವ್ಯವಸ್ಥೆ ತಂದರು. ಕಾಕಾನ ವಿಧಾನವೇ ಸರಿ ಅಂತಾಯಿತು. ಆದರೆ ಬೇವಿನ ಗಿಡವೂ ಶೆಡ್ಡೂ ಮ್ಯಾಪಿನಲ್ಲಿ ಇರಬೇಕಲ್ಲ?

ನೆಂಟರ ಮನೆಗೆ ಹೋಗೋದು ಹತ್ತು ನಿಮಿಷ ತಡ ಆದರೆ ಚಹಾ ಆರುತ್ತೆ, ಅಷ್ಟೇ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಶುರುವಾಗಿದ್ದು 2008ರ ನವೆಂಬರ್ 1ರಂದು. ರಾತ್ರಿ ಎರಡು ಗಂಟೆಗೆ ಹಾವು ಕಚ್ಚಿದವರ ಮನೆಯವರು ಫೋನಿನಲ್ಲಿ ಹೇಳಬೇಕಾದದ್ದು ಇದೇ ವಿಳಾಸ. ಡ್ರೈವರ್ ಹೊಸಬರಾಗಿದ್ದರೆ, ಕತ್ತಲಲ್ಲಿ ಗಿಡ ಕಾಣದಿದ್ದರೆ ಏನು ಗತಿ? ಹೆರಿಗೆ ನೋವಿನಲ್ಲಿರೋರಿಗೆ ಆ ಹತ್ತು ನಿಮಿಷದ ಲೆಕ್ಕವೇ ಬೇರೆ.

ಖರ್ಚು ಯಾರದು?

ದೊಡ್ಡ ಕಂಪನಿ ಮೊದಲು ಮ್ಯಾಪ್ ಮಾಡೋದು ಗಿರಾಕಿ ಇರುವ ಕಡೆ. ಬೆಂಗಳೂರಿನ ಒಂದು ಗಲ್ಲಿಯನ್ನು ದಿನಕ್ಕೆ ಸಾವಿರ ಜನ ಹುಡುಕಬಹುದು, ಬಬಲೇಶ್ವರದ ಹೊಲದ ದಾರಿಯನ್ನು ಒಬ್ಬರೂ ಹುಡುಕದೇ ಇರಬಹುದು. ವ್ಯಾಪಾರದ ಲೆಕ್ಕ ಅದು, ಅದರ ಮೇಲೆ ಸಿಟ್ಟಾಗಿ ಉಪಯೋಗ ಇಲ್ಲ. ಆ ಜಾಗ ತುಂಬೋ ಕೆಲಸ ಅಲ್ಲಿ ಬದುಕೋರಿಂದಲೇ ಆಗಬೇಕು.

ಅದಕ್ಕೆ ದುಡ್ಡು ಬೇಕಿಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ಇಲ್ಲದ ಜಾಗ ಸೇರಿಸುವ ಆಯ್ಕೆ ಇದೆ. 2004ರಲ್ಲಿ ಶುರುವಾದ 'ಓಪನ್‌ಸ್ಟ್ರೀಟ್‌ಮ್ಯಾಪ್' ಇದೆ. ಅದು ವಿಕಿಪೀಡಿಯ ಇದ್ದ ಹಾಗೆ, ಯಾರು ಬೇಕಾದರೂ ತಿದ್ದಬಹುದು, ಹೆಸರನ್ನು ಕನ್ನಡದಲ್ಲೇ ಬರೆಯೋಕೂ ಜಾಗ ಇದೆ.

ಹಂಗಾದ್ರೆ ಕೇಳುಗರಿಗೆ ನನ್ನ ಕಡೆಯಿಂದ ಒಂದು ಸಣ್ಣ ಹೋಮ್‌ವರ್ಕ್. ಈ ಭಾನುವಾರ ಮನೆಯ ಹಿರಿಯರನ್ನು ಪಕ್ಕ ಕೂರಿಸ್ಕೊಳ್ಳಿ. ನಿಮ್ಮ ವಸ್ತಿಗೆ, ತಾಂಡಾಕ್ಕೆ, ಶಾಲೆಗೆ, ಹಳ್ಳಕ್ಕೆ ಜನ ಏನು ಹೆಸರು ಕರೀತಾರೆ ಅಂತ ಕೇಳಿ, ಸರಿಯಾದ ಜಾಗದಲ್ಲಿ ಸೇರಿಸಿ. ಬೇರೆಯವರ ಮನೆಗೆ ಅವರ ಹೆಸರು ಹಾಕಬೇಡಿ, ಎಲ್ಲರೂ ಬಳಸುವ ಗುರುತುಗಳು ಸಾಕು. ಆಮೇಲೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ದ್ರಾಕ್ಷಿ ಕಟಾವಿಗೆ ಮುಂಚೆ ಒಮ್ಮೆ ನೋಡಿ, ದಾರಿ ಬದಲಾಗಿದ್ದರೆ ತಿದ್ದಿ. ಸವಕಳಿಯನ್ನು ಪ್ರತಿ ವರ್ಷ ಲೆಕ್ಕಕ್ಕೆ ಹಿಡೀಬೇಕು ಅಂತ ನಮಗೆ ಕಾಲೇಜಿನಲ್ಲಿ ಕಲಿಸಿದ್ದಾರೆ.

ಕಾಕಾನ ತೋಟದ ದಾರಿ ನಾನು ಹೋದ ತಿಂಗಳು ಸೇರಿಸಿದೆ. ನಾಯಿಯನ್ನು ಸೇರಿಸಲು ಆಯ್ಕೆ ಇರಲಿಲ್ಲ.

ನಿಮ್ಮ ಊರಿನಲ್ಲಿ ಮ್ಯಾಪಿಗೆ ಸಿಗದ ಜಾಗ ಯಾವುದು? ವಾಯ್ಸ್ ಮೆಸೇಜ್ ಮಾಡಿ ಕಳಿಸಿ, ಮುಂದಿನ ಎಪಿಸೋಡಿನಲ್ಲಿ ಕೆಲವನ್ನು ಕೇಳಿಸ್ತೀನಿ. ಗಾಡಿ ಓಡಿಸ್ತಿದ್ದರೆ ಈಗಲೇ ಬ್ಯಾಡ, ಬದಿಗೆ ನಿಲ್ಲಿಸಿ ಮಾಡ್ರಿ.