ಫೌಂಡ್ರಿಯ ಮೀಟರು, ಬ್ಯಾಂಕಿನ ಕಡತ

ಸಣ್ಣ ಕೈಗಾರಿಕೆಗೆ ಸಾಲ ಕೊಡುವ ಏರ್ಪಾಡು ನಮ್ಮಲ್ಲಿ ಹೊಸದಲ್ಲ. ರಾಜ್ಯ ಹಣಕಾಸು ನಿಗಮಗಳ ಕಾಯ್ದೆ ಬಂದದ್ದು 1951ರಲ್ಲಿ. ಕರ್ನಾಟಕದ ನಿಗಮ ಕೆಎಸ್‌ಎಫ್‌ಸಿ ಶುರುವಾದದ್ದು 1959ರಲ್ಲಿ, ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕಾದ ಸಿಡ್ಬಿ 1990ರಲ್ಲಿ. ಸಾಲಕ್ಕೆ ಆಧಾರ ಜಾಗದ ಕಾಗದಪತ್ರ, ಶೆಡ್ಡು, ಯಂತ್ರ. ಇಂಧನ ಎಷ್ಟು ಉರಿಯುತ್ತದೆ, ಚಿಮಣಿಯಿಂದ ಏನು ಹೋಗುತ್ತದೆ ಎಂಬುದಕ್ಕೆ ಅರ್ಜಿಯಲ್ಲಿ ಜಾಗವಿರಲಿಲ್ಲ.

ಆ ಪ್ರಶ್ನೆಯನ್ನು ಎತ್ತಿದ್ದು ನ್ಯಾಯಾಲಯ. ತಾಜ್‌ಮಹಲಿನ ಸುತ್ತಲಿನ ಮಾಲಿನ್ಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶದಿಂದ ಅಲ್ಲಿನ ಕೈಗಾರಿಕೆಗಳು ಕಲ್ಲಿದ್ದಲು, ಕೋಕ್ ಬಿಡಬೇಕಾಯಿತು. ಸ್ವಿಟ್ಜರ್ಲೆಂಡಿನ ನೆರವು ಪಡೆದ ಇಂಧನ ಸಂಶೋಧನಾ ಸಂಸ್ಥೆ ಟೆರಿ ಫಿರೋಜಾಬಾದಿನ ಗಾಜಿನ ಕುಲುಮೆಗೆ ಅನಿಲದ ಮಾದರಿಯನ್ನು, ಹೌರಾದ ಫೌಂಡ್ರಿಗೆ ಕೋಕ್ ಉಳಿಸುವ ಕ್ಯೂಪೋಲಾ ಕುಲುಮೆಯನ್ನು ಮಾಡಿ ತೋರಿಸಿತು. ತಂತ್ರಜ್ಞಾನ ಸಿಕ್ಕಿತು, ದುಡ್ಡಿನ ದಾರಿ ಇಕ್ಕಟ್ಟಾಗಿಯೇ ಉಳಿಯಿತು. 2000ದಲ್ಲಿ ಸಾಲ ಖಾತರಿ ನಿಧಿ ಬಂತು. ಜಪಾನ್, ಜರ್ಮನಿಗಳ ನೆರವಿನಿಂದ ಸಿಡ್ಬಿ ಇಂಧನ ಉಳಿಸುವ ಯಂತ್ರಗಳಿಗೆಂದೇ ಸಾಲ ತೆರೆಯಿತು. ಆದರೆ ಉಳಿತಾಯವನ್ನು ಕಾರ್ಖಾನೆಯೊಳಗೆ ಅಳೆಯುವವರು ಕಡಿಮೆ.

ಬೆಳಗಾವಿಯನ್ನೇ ನೋಡಿ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಮತ್ತು ವಿಶ್ವಸಂಸ್ಥೆಯ ಕೈಗಾರಿಕಾ ಸಂಸ್ಥೆ ಯುನಿಡೊ ಒಟ್ಟಾಗಿ ನಡೆಸಿದ ಯೋಜನೆಗೆ ಆಯ್ದುಕೊಂಡ ಫೌಂಡ್ರಿ ಊರುಗಳಲ್ಲಿ ಅದೂ ಒಂದು. ಇಂಡಕ್ಷನ್ ಫರ್ನೇಸಿನಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ವಿದ್ಯುತ್ ಬೇಕು. ಮುಚ್ಚಳ ತೆರೆದಿಟ್ಟರೆ ಶಾಖ ಮೇಲೆದ್ದು ಹೋಗುತ್ತದೆ. ಮರಳಿನ ಅಚ್ಚು ಸಿದ್ಧವಿಲ್ಲದಿದ್ದರೆ ಕರಗಿದ ಲೋಹವನ್ನು ಸುಮ್ಮನೆ ಬಿಸಿಯಾಗಿಟ್ಟು ಕಾಯಬೇಕು. ಎರಕದಲ್ಲಿ ಗಾಳಿಗುಳ್ಳೆ ಕಂಡರೆ ಮತ್ತೆ ಕರಗಿಸಬೇಕು, ಮತ್ತೆ ಕರೆಂಟು. ತಿಂಗಳ ಬಿಲ್ಲಿನಲ್ಲಿ ಇದೆಲ್ಲ ಸೇರಿ ಒಂದೇ ಮೊತ್ತ. ಫರ್ನೇಸಿಗೆ ಬೇರೆ ಮೀಟರ್ ಹಾಕಿ ಪ್ರತಿ ಹೀಟ್‌ನ, ಅಂದರೆ ಒಂದು ಸಲ ಕರಗಿಸಿದ್ದರ, ಯೂನಿಟ್, ತೂಕ, ಕಾದ ನಿಮಿಷಗಳನ್ನು ಬರೆದಿಟ್ಟರೆ ಮಾತ್ರ ಸೋರಿಕೆ ಎಲ್ಲಿದೆ ಎಂದು ತಿಳಿಯುತ್ತದೆ. ಸಣ್ಣ ಕಾರ್ಖಾನೆಗೆ ಬೇಕಾದ ಮೊದಲ ಡಿಜಿಟಲ್ ಸಾಮರ್ಥ್ಯ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ರೋಬೋಟು ಆಮೇಲೆ ಬರಲಿ.

ಸರ್ಕಾರದ ಡಿಜಿಟಲ್ ದಾರಿ ಬೇರೆ ಕಡೆಯಿಂದ ಸಾಗಿತು. 2017ರಲ್ಲಿ ಜಿಎಸ್‌ಟಿ, 2020ರಲ್ಲಿ ಉದ್ಯಮ್ ನೋಂದಣಿ, 2021ರಲ್ಲಿ ಗ್ರಾಹಕರ ಒಪ್ಪಿಗೆಯ ಮೇಲೆ ಹಣಕಾಸು ಮಾಹಿತಿಯನ್ನು ಬ್ಯಾಂಕಿಗೆ ತಲುಪಿಸುವ ಅಕೌಂಟ್ ಅಗ್ರಿಗೇಟರ್. ಇವುಗಳಿಂದ ಅಡಮಾನವಿಲ್ಲದವರ ವಹಿವಾಟೂ ಬ್ಯಾಂಕಿನ ಕಣ್ಣಿಗೆ ಬಿತ್ತು. ಅದು ದೊಡ್ಡ ಉಪಕಾರ. ಬಾಕಿ ಬಿಲ್ಲುಗಳನ್ನು ಬೇಗ ನಗದು ಮಾಡಿಕೊಳ್ಳಲು ಟ್ರೆಡ್ಸ್ ವೇದಿಕೆಗಳೂ ಬಂದವು. ಆದರೂ 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ ಹೇಳಿದ 45 ದಿನಗಳ ಗಡುವನ್ನು ಮೀರಿ ದೊಡ್ಡ ಖರೀದಿದಾರರು ಹಣ ತಡೆಹಿಡಿಯುವುದು ನಿಂತಿಲ್ಲ. ಕೂಲಿ ಕೊಡಲೇ ಪರದಾಡುವ ಮಾಲೀಕ ಹೊಸ ಮೋಟರಿಗೆ ಎಲ್ಲಿಂದ ಹಣ ಹೊಂದಿಸಬೇಕು?

ಈಗ ಒತ್ತಡ ಹೊರಗಿನಿಂದಲೂ ಇದೆ. ಐರೋಪ್ಯ ಒಕ್ಕೂಟದ ಗಡಿ ಇಂಗಾಲ ನಿಯಮದಡಿ 2023ರ ಅಕ್ಟೋಬರ್‌ನಿಂದ ಅಲ್ಲಿಗೆ ಹೋಗುವ ಬೋಲ್ಟು, ನಟ್ಟುಗಳಿಗೂ ಇಂಗಾಲದ ಲೆಕ್ಕ ಕೊಡಬೇಕು. ಲೆಕ್ಕವೇ ಇಲ್ಲದ ಕಾರ್ಖಾನೆ ಕೊಡುವುದೇನನ್ನು? ಇಂಧನ ದಕ್ಷತಾ ಬ್ಯೂರೋ 2025ರ ಜುಲೈನಲ್ಲಿ ತಂದ ಅಡೀಟಿ ಯೋಜನೆ ಸೂಕ್ಷ್ಮ, ಸಣ್ಣ ಘಟಕಗಳಿಗೆ ಶೇ 5, ಮಧ್ಯಮ ಘಟಕಗಳಿಗೆ ಶೇ 3ರಷ್ಟು ಬಡ್ಡಿ ನೆರವು ಕೊಡುತ್ತದೆ. ಪ್ರತಿಯಾಗಿ ಇಂಧನ ಉಳಿತಾಯವನ್ನು ಅಳೆದು ತೋರಿಸಬೇಕು. ಮೀಟರೂ ಕಡತವೂ ಇಲ್ಲಿ ಕೊನೆಗೂ ಭೇಟಿಯಾಗಿವೆ. ಆದರೆ ಹತ್ತಾಳು ದುಡಿಯುವ ಘಟಕದಲ್ಲಿ ಮಾಲೀಕನೇ ಲೆಕ್ಕಿಗ, ಅವನೇ ಸೂಪರ್‌ವೈಸರ್. ಐದಾರು ಘಟಕಗಳಿಗೆ ಸೇರಿ ಐಟಿಐ ಕಲಿತ ಒಬ್ಬರನ್ನು ಅಂಕಿ ಓದಲು ನೇಮಿಸಿ, ಅವರ ಸಂಬಳವನ್ನೂ ಸಾಲದ ಮೊತ್ತದಲ್ಲೇ ಸೇರಿಸಲು ಬ್ಯಾಂಕುಗಳು ಒಪ್ಪಬೇಕು.