ಮನೆಯಲ್ಲಿ ಹಾಡು ಕೇಳುವ ಯಂತ್ರಗಳು: ಬಾಗಲಕೋಟೆ ಸೀಮೆಯಲ್ಲಿ ಗ್ರಾಮಾಫೋನಿನಿಂದ ಸ್ಮಾರ್ಟ್ ಸ್ಪೀಕರ್‌ವರೆಗೆ

ಅಂತರ್ಜಾಲದಲ್ಲಿರುವ ಹಾಡನ್ನು ಬಾಯಿಮಾತಿನಲ್ಲೇ ಕೇಳಿ ಹಾಕಿಸಿಕೊಳ್ಳಬಹುದಾದ ಮನೆಬಳಕೆಯ ಧ್ವನಿಪೆಟ್ಟಿಗೆಗೆ ಸ್ಮಾರ್ಟ್ ಸ್ಪೀಕರ್ ಎಂದು ಹೆಸರು. ಅಮೆಜಾನ್ ಕಂಪನಿಯ ಎಕೋ, ಗೂಗಲ್ ಕಂಪನಿಯ ಹೋಮ್ ಮತ್ತು ನೆಸ್ಟ್, ಆ್ಯಪಲ್ ಕಂಪನಿಯ ಹೋಮ್‌ಪಾಡ್ ಈ ಬಗೆಯವು. ಇದರೊಳಗೆ ಕ್ಯಾಸೆಟ್ ಇಲ್ಲ, ಮೆಮರಿ ಕಾರ್ಡ್ ಇಲ್ಲ. ಕೇಳಿದ ಹಾಡು ದೂರದ ಸರ್ವರಿನಿಂದ ಆಗಿಂದಾಗಲೇ ಹರಿದುಬಂದು ನುಡಿಯುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಊರುಗಳ ಮಟ್ಟಿಗೆ ಇದು ತೀರ ಈಚಿನ ಸಾಧನ. ಆದರೆ ಯಂತ್ರದಿಂದ ಹಾಡು ಕೇಳುವ ರೂಢಿ ಇಲ್ಲಿ ಹಳೆಯದು. ಈ ಸೀಮೆ ಬರೀ ಕೇಳುಗರ ಸೀಮೆಯಲ್ಲ, ಹಾಡುಗಾರರನ್ನು ಹೊರಗೆ ಕಳಿಸಿಕೊಟ್ಟ ಸೀಮೆಯೂ ಹೌದು. ಹಾಡಿದವರ, ಬರೆದವರ, ಊರಿನ ಹೆಸರುಗಳು ಯಂತ್ರದಿಂದ ಯಂತ್ರಕ್ಕೆ ದಾಟುವಾಗ ಎಷ್ಟು ಉಳಿದವು, ಎಷ್ಟು ಕಳೆದುಹೋದವು ಎಂಬುದೇ ಇಲ್ಲಿನ ಆಲಿಕೆಯ ಇತಿಹಾಸದ ಮುಖ್ಯ ಪ್ರಶ್ನೆ.

ಯಂತ್ರಕ್ಕೆ ಮುಂಚೆ

ಗೀಗೀ ಪದ, ಲಾವಣಿ, ಏಕತಾರಿ ಭಜನೆ, ಮೊಹರಮ್ಮಿನ ರಿವಾಯತು, ಬಾಗಲಕೋಟೆಯ ಹೋಳಿಯಲ್ಲಿ ಹಲಗಿ ಮಜಲು, ಊರೂರು ತಿರುಗುವ ಶ್ರೀಕೃಷ್ಣ ಪಾರಿಜಾತ: ಹಾಡು ಕೇಳಬೇಕೆಂದರೆ ಹಾಡುವವರ ಎದುರು ಹೋಗಿ ಕೂಡಬೇಕಾಗಿತ್ತು. ಬಾದಾಮಿ ಬಳಿಯ ಬನಶಂಕರಿಯಲ್ಲಿ ಬನದ ಹುಣ್ಣಿಮೆಗೆ ನಡೆಯುವ ಜಾತ್ರೆ ವೃತ್ತಿ ನಾಟಕ ಕಂಪನಿಗಳ ದೊಡ್ಡ ನೆಲೆ. ಕಂಪನಿಗಳು ಅಲ್ಲಿ ವಾರಗಟ್ಟಲೆ ಕ್ಯಾಂಪು ಹಾಕಿ ರಾತ್ರಿಯಿಡೀ ಆಡುತ್ತವೆ. ರಂಗಗೀತೆಗೆ ಜನ ‘ಒನ್ಸ್ ಮೋರ್’ ಕೂಗಿದರೆ ನಟ ಅದೇ ಹಾಡನ್ನು ಮತ್ತೆ ಹಾಡಬೇಕು. ಬೇಕಾದ ಹಾಡನ್ನು ಬೇಕೆಂದಾಗ ಕೇಳುವ ಆಸೆ ಯಂತ್ರ ಬರುವ ಮೊದಲೇ ಇತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅರಗಿನ ತಟ್ಟೆ

ಭಾರತದಲ್ಲಿ ವಾಣಿಜ್ಯ ಉದ್ದೇಶದ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕೋಲ್ಕತ್ತದಲ್ಲಿ. ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಆ ವರ್ಷ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುವುದು ಕೇಳಿಸುತ್ತದೆ. ಅಚ್ಚು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ತಟ್ಟೆಯಾಗುತ್ತಿತ್ತು. ಲೇಬಲ್ ಅಂಟಿಸುವವರಿಗೆ ಇದು ಯಾರ ಹಾಡೆಂದು ತಿಳಿಯಲು ಆ ಏರ್ಪಾಡು. ಯಂತ್ರಕ್ಕೆ ಅರ್ಥವಾಗುವ ಭಾಷೆಯಲ್ಲಿ ಹೆಸರು ಹೇಳಬೇಕಾದ ಕಟ್ಟುಪಾಡು ಅಂದೇ ಆರಂಭವಾಯಿತು.

ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷದ ಹಾಡು. ಗಂಟೆಗಟ್ಟಲೆ ಹಿಗ್ಗುವ ರಾಗವನ್ನು ಗಾಯಕರು ಅಷ್ಟಕ್ಕೇ ಮಡಚಿ ಹಾಡಿದರು. ಪೆಟ್ಟಿಗೆಗೆ ಕೀಲಿ ಕೊಡಬೇಕು, ಮುಳ್ಳು ಆಗಾಗ ಬದಲಿಸಬೇಕು, ತಟ್ಟೆ ಕೈಜಾರಿದರೆ ಒಡೆದು ಚೂರು. ಹೋಟಗಿ–ಗದಗ ರೈಲುಮಾರ್ಗ 1884ರಲ್ಲೇ ಬಾಗಲಕೋಟೆ, ಬಾದಾಮಿಗಳ ಮೇಲೆ ಹಾಯ್ದಿದ್ದರಿಂದ ಸೊಲ್ಲಾಪುರ, ಹುಬ್ಬಳ್ಳಿಗಳ ಪೇಟೆ ಇಲ್ಲಿಗೆ ಹತ್ತಿರವಾಗಿತ್ತು. ಹುನಗುಂದ, ಇಳಕಲ್ಲಿಗೆ ಆ ಅನುಕೂಲ ಇರಲಿಲ್ಲ. ಗ್ರಾಮಾಫೋನು ಉಳ್ಳವರ ಮನೆಯ ವಸ್ತು. ಉಳಿದವರು ಆ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿದವರು.

ಈ ಸೀಮೆ ತಟ್ಟೆಗೆ ಕೊಟ್ಟ ದೊಡ್ಡ ದನಿ ಬೀಳಗಿಯದು. ಬೀಳಗಿಯಲ್ಲಿ ಹುಟ್ಟಿದ ಗೋಹರಬಾಯಿ, ಅಮೀರ್‌ಬಾಯಿ ಸಹೋದರಿಯರು ‘ಕರ್ನಾಟಕಿ’ ಎಂಬ ಅಡ್ಡಹೆಸರಿನಿಂದಲೇ ಮುಂಬಯಿಯಲ್ಲಿ ಪ್ರಸಿದ್ಧರಾದರು. ಗೋಹರಬಾಯಿ ಬಾಲಗಂಧರ್ವರ ರಂಗದ ಮೇಲೆ ನಟಿ, ಗಾಯಕಿ. ಅಮೀರ್‌ಬಾಯಿ ಹಿಂದಿ ಚಿತ್ರಗಳಲ್ಲಿ ನಟಿಸಿದರು, ಹಾಡಿದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶವೇ ಅವರ ದನಿಯನ್ನು ಗುರುತು ಹಿಡಿಯಿತು. ವಿಜಯಪುರದಲ್ಲಿ ಅವರು ಕಟ್ಟಿಸಿದ ಚಿತ್ರಮಂದಿರ ಅಮೀರ್ ಟಾಕೀಸ್. 1965ರಲ್ಲಿ ಅವರು ತೀರಿಕೊಂಡರು. ರಹಮತ್ ತರೀಕೆರೆ ಕನ್ನಡದಲ್ಲಿ ಅವರ ಜೀವನಚರಿತ್ರೆ ಬರೆಯದೇ ಹೋಗಿದ್ದರೆ ಈ ಇಬ್ಬರೂ ಕೃಷ್ಣೆ, ಘಟಪ್ರಭೆಗಳ ನಡುವಿನ ಊರಿನವರೆಂಬುದು ಹೊಸ ತಲೆಮಾರಿಗೆ ತಿಳಿಯುವುದೇ ಕಷ್ಟವಿತ್ತು. ಲೇಬಲ್ ಮೇಲಿನ ಹೆಸರು ಹಾಡಿದವರ ಗುರುತನ್ನೇ ಬದಲಿಸುವುದಕ್ಕೆ ನೆರೆಯ ಧಾರವಾಡ ಸೀಮೆಯಲ್ಲೂ ಉದಾಹರಣೆಯಿದೆ: ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳ ಮೇಲೆ ಇದ್ದದ್ದು ಗಾಂಧಾರಿ ಎಂಬ ಹೆಸರು.

ರೇಡಿಯೋ ಮತ್ತು ಕುಣಿಮಗ್ಗ

ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು. ಅದರಿಂದ ಈ ಭಾಗದ ಕೇಳುಗರಿಗೆ ಮೊದಲ ಬಾರಿ ತಮ್ಮದೇ ಮಾತಿನ ಧಾಟಿ ಪೆಟ್ಟಿಗೆಯೊಳಗಿಂದ ಕೇಳಿಬಂತು. ವಚನ ಗಾಯನ, ದಾಸರ ಪದ, ಜಾನಪದ, ರೈತರ ಕಾರ್ಯಕ್ರಮ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅವರು ಹಾಡಿದ ವಚನಗಳು ಮನೆಮನೆ ಸೇರಿದ್ದು ಮುಖ್ಯವಾಗಿ ಈ ದಾರಿಯಿಂದ. ಆಗ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೋ ಹೊಲದ ಬದುವಿಗೂ ಹೋಯಿತು.

ಇಳಕಲ್, ಗುಳೇದಗುಡ್ಡಗಳ ನೇಕಾರರ ಮನೆಗಳಲ್ಲಿ ರೇಡಿಯೋದ ಜಾಗವೇ ಬೇರೆ. ಕುಣಿಮಗ್ಗದಲ್ಲಿ ಕುಳಿತವರ ಕಾಲು ಕುಣಿಯಲ್ಲಿ ತುಳಿಯುತ್ತಿರುತ್ತದೆ, ಒಂದು ಕೈ ಲಾಳಿಯ ಹಗ್ಗ ಜಗ್ಗುತ್ತದೆ, ಇನ್ನೊಂದು ಹಣಿಗೆ ಬಡಿಯುತ್ತದೆ, ಕಣ್ಣು ದಡಿಯ ಎಳೆಯ ಮೇಲೆ. ಬಿಡುವಿರುವುದು ಕಿವಿ ಮತ್ತು ಬಾಯಿಗೆ ಮಾತ್ರ. ಮುಟ್ಟದೆ, ನೋಡದೆ ಕೇಳಬಹುದಾದ ಸಾಧನ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬಾಯಿಮಾತಿಗೆ ಹಾಡು ಹಚ್ಚುವ ಯಂತ್ರದ ನಿಜವಾದ ಉಪಯೋಗ ಸೋಫಾದ ಮೇಲೆ ಕುಳಿತವರಿಗಿಂತ ಮಗ್ಗದಲ್ಲಿ ಕುಳಿತವರಿಗೆ ಹೆಚ್ಚು. ತಯಾರಕರು ಅದನ್ನು ಮಗ್ಗಕ್ಕಾಗಿ ಯೋಚಿಸಿ ಮಾಡಲಿಲ್ಲ.

ಕ್ಯಾಸೆಟ್, ಮೆಮರಿ ಕಾರ್ಡ್

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾದ ‘ನಿತ್ಯೋತ್ಸವ’ 1978ರದು. ಆ ಮುಂದಿನ ಹತ್ತು ವರ್ಷಗಳಲ್ಲಿ ಟೇಪ್ ರೆಕಾರ್ಡರು ಗ್ರಾಮಾಫೋನನ್ನು ಪೂರ್ತಿ ಹಿಂದಕ್ಕೆ ತಳ್ಳಿತು. ಅದರ ದೊಡ್ಡ ಗುಣ ಅಗ್ಗದ ಬೆಲೆ ಮಾತ್ರವಲ್ಲ. ಕೇಳುವ ಯಂತ್ರವೇ ಮುದ್ರಿಸುವ ಯಂತ್ರವೂ ಆಯಿತು. ಊರಿನ ಭಜನಾ ಮೇಳ, ಡೊಳ್ಳಿನ ಪದ, ಮಠದ ಪ್ರವಚನ, ಸೋಬಾನೆ ಪದ ಯಾವ ಕಂಪನಿಯ ಅನುಮತಿಯೂ ಇಲ್ಲದೆ ಕ್ಯಾಸೆಟ್ಟಿಗೆ ಇಳಿದವು. ಪೆನ್ನಿನಲ್ಲಿ ಬರೆದ ಹೆಸರಷ್ಟೇ ಅವುಗಳ ಗುರುತು. ಶಾಯಿ ಮಾಸಿದಂತೆ ಹಾಡಿದವರ ಹೆಸರೂ ಮಾಸಿತು. ಇಂಥ ಎಷ್ಟೋ ಮುದ್ರಣಗಳು ಬೂಸ್ಟು ಹಿಡಿದು ಹಾಳಾದದ್ದು ಈ ನಾಡಿನ ಸಂಗೀತಕ್ಕೆ ಆದ ನಷ್ಟ.

ಹುನಗುಂದ ತಾಲ್ಲೂಕಿನ ಸೂಳೇಭಾವಿಯ ನಾಟಕಕಾರ ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಕಂಪನಿ ರಂಗಭೂಮಿಯಲ್ಲಿ ಗೆದ್ದ ನಾಟಕ. ಅದು 1974ರಲ್ಲಿ ಸಿನಿಮಾ ಆಯಿತು. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ, ಎಮ್ಮೆಯ ಮೇಲೆ ಕುಳಿತು ಬರುವ ಹಾಡನ್ನು ರಾಜಕುಮಾರ್ ತಾವೇ ಹಾಡಿದರು. ಅಲ್ಲಿಂದಾಚೆ ಅವರು ನಟರಷ್ಟೇ ದೊಡ್ಡ ಗಾಯಕರೂ ಆದರು. ತಟ್ಟೆ, ಕ್ಯಾಸೆಟ್, ಸ್ಟ್ರೀಮಿಂಗ್ ಮೂರರಲ್ಲೂ ಆ ಹಾಡು ಬದುಕಿದೆ. ಆದರೆ ಹಾಡು ತೆರೆದಾಗ ಪರದೆಯ ಮೇಲೆ ಗಾಯಕನ ಹೆಸರು, ಚಿತ್ರದ ಹೆಸರು ಕಾಣುತ್ತವೆ. ಆ ಕತೆಯನ್ನು ಹೆತ್ತ ನಾಟಕಕಾರನ ಹೆಸರಿಗಾಗಲಿ ಅವರ ಊರಿಗಾಗಲಿ ಅಲ್ಲಿ ಜಾಗವಿಲ್ಲ.

ಇದೇ ಹೊತ್ತಿಗೆ ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಭಾಗಗಳು ಮುಳುಗಡೆಯಾದವು, ನವನಗರ ಎದ್ದಿತು, 1997ರ ಆಗಸ್ಟ್ 15ರಂದು ವಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆ ಹುಟ್ಟಿತು. ಕ್ಯಾಸೆಟ್ಟಿನ ಬೆನ್ನಿಗೆ ಸಿ.ಡಿ. ಬಂದುಹೋಯಿತು. ಮೊಬೈಲ್ ಬಂದ ಮೇಲೆ ರೀಚಾರ್ಜ್ ಅಂಗಡಿಯಲ್ಲಿ ಮೆಮರಿ ಕಾರ್ಡಿಗೆ ಹಾಡು ಹಾಕಿಸಿಕೊಳ್ಳುವ ಕಾಲ ಕೆಲ ವರ್ಷ ನಡೆಯಿತು. ಅಂಗಡಿಯವನ ಕಂಪ್ಯೂಟರಿನಲ್ಲಿ ಏನಿದೆಯೋ ಅದೇ ಊರಿನ ಸಂಗೀತ.

ಹರಿದುಬರುವ ಹಾಡು, ಕಿವಿಗೊಡುವ ಪೆಟ್ಟಿಗೆ

2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಶುರುವಾಗಿ ಡೇಟಾ ಅಗ್ಗವಾದದ್ದೇ ಈ ಸೀಮೆಯಲ್ಲಿ ಸ್ಟ್ರೀಮಿಂಗ್‌ನ ನಿಜವಾದ ಆರಂಭ. ಗಾನಾ, ಸಾವನ್ ಸೇವೆಗಳು ಅದಕ್ಕೂ ಮೊದಲೇ ಇದ್ದವು. ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್ 2019ರಲ್ಲಿ ಭಾರತಕ್ಕೆ ಬಂದವು. ಆದರೂ ಹಳ್ಳಿಯವರೆಗೂ ಹಬ್ಬಿದ್ದು ಯೂಟ್ಯೂಬ್. ಮಾಳು ನಿಪನಾಳ, ಪರಸು ಕೋಲೂರ, ಬಾಳು ಬೆಳಗುಂದಿ ಅವರಂಥ ಉತ್ತರ ಕರ್ನಾಟಕದ ಜಾನಪದ ಧಾಟಿಯ ಗಾಯಕರು ದೊಡ್ಡ ಕಂಪನಿಯ ಹಂಗಿಲ್ಲದೆ ಬೆಳೆದದ್ದು ಅಲ್ಲಿಯೇ. ಕ್ಯಾಸೆಟ್ ಕೊಟ್ಟಿದ್ದ ಸ್ವಾತಂತ್ರ್ಯ ಹೀಗೆ ಮರಳಿ ಸಿಕ್ಕಿತು.

ಅಮೆಜಾನ್ ಮೊದಲ ಎಕೋವನ್ನು ಅಮೆರಿಕದಲ್ಲಿ ಪ್ರಕಟಿಸಿದ್ದು 2014ರ ನವೆಂಬರಿನಲ್ಲಿ. ಭಾರತಕ್ಕೆ ಅದು 2017ರ ಅಕ್ಟೋಬರಿನಲ್ಲಿ ಆಹ್ವಾನ ಪಡೆದವರಿಗೆ ಮಾತ್ರ, 2018ರ ಫೆಬ್ರುವರಿಯಲ್ಲಿ ಎಲ್ಲರಿಗೂ ಸಿಗುವಂತಾಯಿತು. ಸಣ್ಣ ಮಾದರಿಯ ಆರಂಭದ ಬೆಲೆ 4,499 ರೂಪಾಯಿ. ಗೂಗಲ್ ಹೋಮ್ 2018ರ ಏಪ್ರಿಲಿನಲ್ಲಿ ಬಂತು. ಆ ಹೊತ್ತಿಗೆ ಸರೆಗಮ ಕಂಪನಿಯ ಕಾರವಾನ್ ಪೆಟ್ಟಿಗೆ ಹಳೆಯ ಹಿಂದಿ ಹಾಡುಗಳನ್ನು ಹೊತ್ತು ಹಿರಿಯರ ಮನಸ್ಸು ಗೆದ್ದಿತ್ತು. ಅದಕ್ಕೆ ವೈಫೈ ಬೇಡ, ಗುಂಡಿ ಒತ್ತಿದರೆ ಸಾಕು. ಈಗಲೂ ಹಲವು ಹಿರಿಯರಿಗೆ ಅದೇ ಹಿತ.

ಸ್ಮಾರ್ಟ್ ಸ್ಪೀಕರಿನ ಕೆಲಸ ಎರಡು ಹಂತದ್ದು: ಒಂದು ಪೆಟ್ಟಿಗೆಯೊಳಗೆ, ಇನ್ನೊಂದು ಸರ್ವರಿನಲ್ಲಿ. ಮೊದಲ ಎಕೋದಲ್ಲಿ ಏಳು ಮೈಕುಗಳಿದ್ದವು. ದನಿ ಯಾವ ದಿಕ್ಕಿನಿಂದ ಬಂತೆಂದು ಅವು ಅಳೆದು ಉಳಿದ ಗದ್ದಲವನ್ನು ತಗ್ಗಿಸುತ್ತವೆ. ಕರೆಯುವ ಪದ ಕಿವಿಗೆ ಬಿದ್ದೊಡನೆ ಮುಂದಿನ ಮಾತು ಸರ್ವರಿಗೆ ಹೋಗಿ ಬರಹವಾಗುತ್ತದೆ. ಆ ಬರಹದಲ್ಲಿ ಯಾವುದು ಹಾಡಿನ ಹೆಸರು, ಯಾವುದು ಗಾಯಕರ ಹೆಸರು ಎಂದು ಬೇರ್ಪಡಿಸಿ ಸಂಗೀತ ಸೇವೆಯ ಪಟ್ಟಿಯಲ್ಲಿ ಹುಡುಕಲಾಗುತ್ತದೆ. ಆಮೇಲೆ ಹಾಡು ಹರಿಯುತ್ತದೆ. ಸೆಕೆಂಡಿಗೆ 160 ಕಿಲೋಬಿಟ್ ವೇಗದಲ್ಲಿ ಗಂಟೆಗೆ ಖರ್ಚಾಗುವ ಡೇಟಾ 72 ಮೆಗಾಬೈಟ್. ಕರೆಂಟು ಹೋದರೆ ಪೆಟ್ಟಿಗೆಯೂ ವೈಫೈಯೂ ಒಟ್ಟಿಗೆ ನಿಲ್ಲುತ್ತವೆ. ಬ್ಯಾಟರಿಯ ಬ್ಲೂಟೂತ್ ಸ್ಪೀಕರ್ ಇಲ್ಲಿ ಹೆಚ್ಚು ರೂಢಿಯಲ್ಲಿರಲು ಇದೂ ಒಂದು ಕಾರಣ.

ಭಾಷೆಯ ತೊಡಕು ಇದಕ್ಕಿಂತ ದೊಡ್ಡದು. ಎಕೋದಲ್ಲಿ ಮಾತಿಗೆ ಉತ್ತರಿಸುವ ಧ್ವನಿ ಸಹಾಯಕ ಅಲೆಕ್ಸಾ 2019ರಲ್ಲಿ ಹಿಂದಿ ಕಲಿಯಿತು. 2024 ಮುಗಿಯುವವರೆಗೂ ಕನ್ನಡದ ಸರದಿ ಬರಲಿಲ್ಲ. ಗೂಗಲ್ ತನ್ನ ಸಹಾಯಕವನ್ನು ಫೋನಿನಲ್ಲಿ ಕನ್ನಡಕ್ಕೆ ತೆರೆದು ವರ್ಷಗಳಾದರೂ ಸ್ಪೀಕರಿನಲ್ಲಿ ತೆರೆಯಲಿಲ್ಲ. ಹಾಗಾಗಿ ಮನೆಯಲ್ಲಿ ಮಾತು ಹೀಗೆ ನಡೆಯುತ್ತದೆ: ಅಜ್ಜಿ ಮೊಮ್ಮಗಳಿಗೆ ‘ಶರೀಫಜ್ಜನ ಹಾಡ ಹಚ್ಚವ್ವಾ’ ಎನ್ನುತ್ತಾಳೆ, ಮೊಮ್ಮಗಳು ‘ಅಲೆಕ್ಸಾ, ಪ್ಲೇ ಶಿಶುನಾಳ ಷರೀಫ್ ಸಾಂಗ್ಸ್’ ಎಂದು, ಹೆಸರನ್ನೂ ಇಂಗ್ಲಿಷಿನ ನಾಲಗೆಗೆ ಹೊಂದಿಸಿ ಹೇಳುತ್ತಾಳೆ. ಯಂತ್ರ ಬಾಯಿಮಾತಿನದಾದರೂ ಅಜ್ಜಿಯ ಬಾಯಿಮಾತು ಅದಕ್ಕೆ ಸಾಲದು. ಓದುಬರಹ ಬಾರದವರಿಗೂ ಎಟುಕುವುದೇ ಈ ತಂತ್ರಜ್ಞಾನದ ಹೆಚ್ಚುಗಾರಿಕೆ ಆಗಬೇಕಿತ್ತು. ಅದೇ ಇಲ್ಲಿ ಕೈತಪ್ಪಿದೆ.

ಪಟ್ಟಿಯಲ್ಲಿನ ಹೆಸರು

ಜಗತ್ತಿನ ಸ್ಪೀಕರುಗಳಲ್ಲಿ ಈ ಸೀಮೆಯ ಎರಡು ಹೆಸರುಗಳು ದಿನವೂ ಕೇಳಿಸುತ್ತವೆ. ಮುತ್ತುಸ್ವಾಮಿ ದೀಕ್ಷಿತರ ಹಂಸಧ್ವನಿ ರಾಗದ ‘ವಾತಾಪಿ ಗಣಪತಿಂ’ ಕೃತಿ ಬಾದಾಮಿಯ ಹಳೆಯ ಹೆಸರನ್ನು ಹೊತ್ತಿದೆ. ಕ್ರಿ.ಶ. 642ರ ಸುಮಾರಿಗೆ ಪಲ್ಲವರು ಬಾದಾಮಿಯನ್ನು ಗೆದ್ದಾಗ ಅವರ ಸೇನಾನಿ ಇಲ್ಲಿನ ಗಣಪತಿಯನ್ನು ಒಯ್ದನೆಂಬ ಐತಿಹ್ಯ ತಮಿಳುನಾಡಿನಲ್ಲಿದೆ. ಎರಡನೆಯದು ಹುನಗುಂದ ತಾಲ್ಲೂಕಿನ ಕೂಡಲಸಂಗಮ. ಹಾಡಿದ ಬಸವಣ್ಣನ ವಚನಗಳ ಕೊನೆಗೆ ಅಂಕಿತವಾಗಿ ಆ ಹೆಸರು ಬರುತ್ತದೆ. ಕೃತಿಯೊಳಗೇ ಹೆಣೆದಿದ್ದರಿಂದ ಈ ಎರಡು ಹೆಸರುಗಳನ್ನು ಯಾವ ಯಂತ್ರವೂ ಅಳಿಸಲಾಗಲಿಲ್ಲ.

ಲೇಬಲ್ಲಿಗೆ ಬಿಟ್ಟ ಹೆಸರುಗಳ ಪಾಡು ಹಾಗಲ್ಲ. ಸೇವೆಗಳ ಪಟ್ಟಿಯಲ್ಲಿ ಕನ್ನಡ ಹಾಡುಗಳು ಬಹುಮಟ್ಟಿಗೆ ರೋಮನ್ ಲಿಪಿಯಲ್ಲಿವೆ. ಅಮೀರ್‌ಬಾಯಿಯ ಹೆಸರನ್ನೇ ಅಲ್ಲಿ ಬೇರೆಬೇರೆ ಬಗೆಯಲ್ಲಿ ಬರೆದಿರುತ್ತಾರೆ. ಒಂದು ಬಗೆಯಲ್ಲಿ ಕೇಳಿದರೆ ಇನ್ನೊಂದರಲ್ಲಿರುವ ಹಾಡು ಬಾರದಿರಬಹುದು. ಜಾನಪದ ಹಾಡಾದರೆ ಕಲಿಸಿದವರ ಹೆಸರಿಗಾಗಲಿ ಮೇಳದ ಊರಿಗಾಗಲಿ ಅಂಕಣವೇ ಇರುವುದಿಲ್ಲ.

ಇದನ್ನು ಸರಿಪಡಿಸಲು ಬೇಕಾದ ಕೆಲಸ ಕೈಗೆಟುಕದ್ದೇನಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟಣೆಯಿಂದ 60 ವರ್ಷಕ್ಕೆ ಮುಗಿಯುತ್ತದೆ. 1930, 40ರ ದಶಕಗಳ ತಟ್ಟೆಗಳ ಮುದ್ರಣ ಈಗ ಎಲ್ಲರದು. ಸಾಹಿತ್ಯದ ಹಕ್ಕು ಮಾತ್ರ ಕವಿ ತೀರಿಕೊಂಡು 60 ವರ್ಷವಾಗುವವರೆಗೆ ಇರುತ್ತದೆ, ಅದನ್ನು ಬೇರೆಯಾಗಿ ನೋಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ಕೈಗೊಂಡಿರುವ ‘ವಾಣಿ’ ಯೋಜನೆ ದೇಶದ ಎಲ್ಲ ಜಿಲ್ಲೆಗಳ ಮಾತಿನ ಮಾದರಿ ಸಂಗ್ರಹಿಸುವ ಗುರಿ ಇಟ್ಟುಕೊಂಡಿದೆ. ಆಕಾಶವಾಣಿಯ ಪ್ರಸಾರಗಳು 2019ರಿಂದ ಅಲೆಕ್ಸಾದಲ್ಲೂ ಸಿಗುತ್ತಿವೆ. ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳು ಮನೆಗಳಲ್ಲಿ ಉಳಿದ ತಟ್ಟೆ, ಕ್ಯಾಸೆಟ್ಟುಗಳನ್ನು ಡಿಜಿಟಲ್‌ಗೆ ಇಳಿಸಿ ಹಾಡಿದವರು, ಕಟ್ಟಿದವರು, ಊರು, ವರ್ಷ ಈ ನಾಲ್ಕನ್ನು ಕನ್ನಡ ಲಿಪಿಯಲ್ಲಿ ದಾಖಲಿಸಬೇಕು. ಕ್ಯಾಸೆಟ್ಟುಗಳಲ್ಲಿ ಹಾಡಿದವರನ್ನು ದನಿಯಿಂದಲೇ ಗುರುತಿಸಬಲ್ಲ ಹಿರಿಯರು ಇಂದು ಇರುವುದರಿಂದ ಇದು ಮುಂದಕ್ಕೆ ಹಾಕುವ ಕೆಲಸವಲ್ಲ.